ಗುಬ್ಬಿ ಹೇಳದೆ ಹೋದ ಬೇಸಿಗೆ

೯ ಏಪ್ರಿಲ್ ೨೦೧೭

ಪ್ರೀತಿಯ ಅಕ್ಕನಿಗೆ,

ನಿನಗೆ ಫೋನಿನಲ್ಲಿ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗಾಗುತ್ತದೆ ಎಂದು ಕಾಗದಕ್ಕೇ ಕೂತಿದ್ದೇನೆ. ಹೋದ ಸಲ ನಾನು "ಔಷಧಿ ತಗೊಂಡ್ಯಾ?" ಎಂದರೆ ನೀನು "ಹೂಂ, ಇಲ್ಲೂ ಬಿಸಿಲು ಜಾಸ್ತಿನೇ" ಎಂದೆ. ಮೂವತ್ತು ವರ್ಷ ನೂಲಿನ ಗಿರಣಿಯ ಸದ್ದಿನಲ್ಲಿ ನಿಂತ ಕಿವಿ, ಅದನ್ನು ದೂರಿ ಏನು ಬಂತು.

ವಿಷಯ ಏನೆಂದರೆ, ಇಲ್ಲಿನ ಪತ್ರಿಕೆಯ ಭಾನುವಾರದ ಪುರವಣಿಗೆ 'ಮೊಬೈಲ್ ಇಲ್ಲದ ಬಾಲ್ಯ' ಎಂದು ಲೇಖನ ಕೇಳಿದ್ದಾರೆ. ನಿವೃತ್ತ ಚಿತ್ರಕಲಾ ಮೇಷ್ಟರಿಗೆ ಮಾಡಲು ಬೇರೆ ಕೆಲಸವೇನಿದೆ, ಒಪ್ಪಿಕೊಂಡೆ. ಮೊನ್ನೆ ಮೊಮ್ಮಗಳು, "ತಾತ, ಫೋನ್ ಇಲ್ದೆ ನೀವು ಕಳೆದುಹೋದ್ರೆ ಹೆಂಗೆ ಹುಡುಕ್ತಿದ್ರು?" ಎಂದು ಕೇಳಿದಳು. "ನಾವು ಕಳೆದುಹೋಗ್ತಾನೇ ಇರ್ಲಿಲ್ಲ ಕಣೇ" ಎಂದೆ. ಅದನ್ನೇ ಲೇಖನದ ಮೊದಲ ಸಾಲು ಮಾಡಿದ್ದೇನೆ.

ಗಿರಣಿಯ ಹಿಂದಿನ ಕ್ವಾರ್ಟರ್ಸಿನ ಸಾಲು, ಎಲ್ಲರಿಗೂ ಒಂದೇ ನಲ್ಲಿ, ಗಡಿಯಾರದ ಬದಲು ಸೈರನ್ನು. ಬೆಳಿಗ್ಗೆ ಹೊರಗೆ ಬಿದ್ದರೆ ಹೊಟ್ಟೆ ಚುರುಗುಟ್ಟಿದಾಗ ಮನೆಯ ನೆನಪು. ಎಲ್ಲಿಗೆ ಹೊರಟೆ, ಯಾರ ಜೊತೆ, ಎಂದು ಕೇಳಿದವರು ಯಾರು? ಗೋದಾಮಿನ ಕಿಟಕಿಯಲ್ಲಿ ಒಂದು ಸರಳು ಕಿತ್ತುಹೋಗಿತ್ತಲ್ಲ, ಅದರಲ್ಲಿ ನುಸುಳಿ ಹತ್ತಿಯ ಬೇಲುಗಳ ಸಂದಿಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಜಾಹೀರಾತಿನ ಜೀಪು ಬಂದರೆ ಊಟ, ಪಾಠ, ಆಟ ಎಲ್ಲ ಬಿಟ್ಟು ಅದರ ಹಿಂದೆ ಓಡಿ ಬಣ್ಣಬಣ್ಣದ ಚೀಟಿ ಹೆಕ್ಕುತ್ತಿದ್ದೆ. ಒಂದು ಸಲ ರೈಲ್ವೆ ಗೇಟಿನ ತನಕ ಓಡಿ ನಲವತ್ತು ಚೀಟಿ ತಂದಿದ್ದೆ. ಅಷ್ಟು ಸುಖ ಆಮೇಲೆ ಯಾವ ಸಂಬಳದ ದಿನವೂ ಕೊಡಲಿಲ್ಲ.

ಮತ್ತೆ ಗುಬ್ಬಿ. ಕಾವಲುಗಾರನ ಮಗ. ಜಾರುವ ಚಡ್ಡಿಗೆ ಗಿರಣಿಯ ದಾರ ಕಟ್ಟಿಕೊಂಡು, ಬಿದ್ದ ಹಲ್ಲಿನ ಸಂದಿಯಿಂದ ಶಿಳ್ಳೆ ಹಾಕುತ್ತ ಓಡುತ್ತಿದ್ದ. ಅಂಥ ಜೀವದ ಗೆಳೆಯ ಒಂದು ಮಾತೂ ಹೇಳದೆ ಹೊರಟುಹೋದ. ನಾನು ಚಿಕ್ಕಮ್ಮನ ಮನೆಯಲ್ಲಿ ಎರಡು ತಿಂಗಳಿದ್ದು ಬರುವಷ್ಟರಲ್ಲಿ ಅವರ ಮನೆಯಲ್ಲಿ ಬೇರೆಯವರಿದ್ದರು. ಆ ಬೇಜಾರು ಅರವತ್ತಕ್ಕೆ ಬಂದರೂ ಹೋಗಿಲ್ಲ ನೋಡು.

ನೀನು ನನಗಿಂತ ಮೂರು ವರ್ಷ ದೊಡ್ಡವಳು, ನೆನಪು ಚೆನ್ನಾಗಿರುತ್ತದೆ. ಹನ್ನೆರಡು ಮನೆ ತಾನೇ? ರೇಡಿಯೋ ಯಾರ ಮನೆಯಲ್ಲಿತ್ತು? ಗುಬ್ಬಿಯವರು ಯಾವ ಊರಿಗೆ ಹೋದರು? ಬೇಗ ಬರೆ.

ನಿನ್ನ ಗುಂಡ

೨೪ ಏಪ್ರಿಲ್ ೨೦೧೭

ಪ್ರೀತಿಯ ಗುಂಡನಿಗೆ,

ಕಾಗದ ಬಂತು. ಹದಿನಾಲ್ಕು ಮನೆ. ಹನ್ನೆರಡಲ್ಲ. ರೇಡಿಯೋ ಇದ್ದದ್ದು ಗುಮಾಸ್ತರ ಮನೆಯಲ್ಲಿ, ಅವರ ಹೆಂಡತಿ ನಮ್ಮನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ, ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದೆವು. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ದಿನಕ್ಕೆ ಒಂದು ಗಂಟೆ. ನೀನು ಕೊಡ ಹೊತ್ತವನಲ್ಲ, ನಿನಗೆ ಅದು ನೆನಪಿರಲಿಕ್ಕಿಲ್ಲ.

ಯಾರೂ ಕೇಳುತ್ತಿರಲಿಲ್ಲ ಎಂದು ಬರೆದಿದ್ದೀಯ. ಕೇಳಲು ಯಾರಿದ್ದರು? ಅಪ್ಪ ಎರಡು ಪಾಳಿ ಫಿಟ್ಟರ್ ಕೆಲಸ ಮಾಡಿ ಬಂದು ಬೂಟು ಬಿಚ್ಚುವ ಮೊದಲೇ ನಿದ್ದೆ ಹೋಗುತ್ತಿದ್ದರು. ಅಮ್ಮನಿಗೆ ಹತ್ತಿಯ ದೂಳಿನ ಕೆಮ್ಮು. ನಿನ್ನನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು, ಹನ್ನೊಂದು ವರ್ಷಕ್ಕೆ. ನಿನ್ನ ಲೇಖನದಲ್ಲಿ ಬರೀ ಬೇಸಿಗೆ ಇದೆ. ವರ್ಷದ ಮಿಕ್ಕ ತಿಂಗಳು ಎಲ್ಲಿ ಹೋದವು?

ಆದರೂ ಬರೆ, ಜನ ಓದಿ ಖುಷಿಪಡುತ್ತಾರೆ. ಕಾವಲುಗಾರನ ಮನೆಯವರ ವಿಷಯ ಮಾತ್ರ ಬಿಟ್ಟುಬಿಡು. ಅವರು ಯಾರೋ, ಈಗ ಎಲ್ಲೋ. ಅಷ್ಟು ಹಳೆಯದನ್ನು ಕೆದಕುವುದು ಯಾಕೆ. ಟೈರು ಉರುಳಿಸುತ್ತಿದ್ದದ್ದನ್ನು ಹಾಕು, ಅದು ಚೆನ್ನಾಗಿರುತ್ತದೆ.

ಇಲ್ಲಿ ಮಹಡಿ ಮೆಟ್ಟಿಲು ಹತ್ತುವಾಗ ಮಂಡಿ ನೋವು. ಬೇರೆ ಏನಿಲ್ಲ.

ಅಕ್ಕ

೨ ಮೇ ೨೦೧೭

ಪ್ರೀತಿಯ ಅಕ್ಕನಿಗೆ,

ನಿನಗೆ ಗುಬ್ಬಿಯನ್ನು ಕಂಡರೆ ಆಗಲೂ ಅಷ್ಟಕ್ಕಷ್ಟೇ, ಈಗಲೂ ಹಾಗೇ ಇದ್ದೀಯಲ್ಲ! ನಿನ್ನ ಒಂದೇ ಒಂದು ರಿಬ್ಬನ್ನನ್ನು ಅವನು ಗಾಳಿಪಟದ ಬಾಲ ಮಾಡಿದ್ದಕ್ಕೆ ಐವತ್ತೆರಡು ವರ್ಷ ಕೋಪವೇ?

ತಮಾಷೆಗೆ ಹೇಳಿದೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ನನಗೆ ಏನೋ ಅನುಮಾನ. ಅಪ್ಪ ಮುಂದೆ ಯಾವತ್ತೂ ಕಾವಲುಗಾರನ ಹೆಸರು ಎತ್ತಲಿಲ್ಲ. ನಾನು ಕೇಳಿದರೆ "ವರ್ಗ ಆಯ್ತು" ಎನ್ನುತ್ತಿದ್ದರು. ಗಿರಣಿಯ ಕಾವಲುಗಾರನಿಗೆ ಎಲ್ಲಿಯ ವರ್ಗ? ಇದ್ದದ್ದು ಒಂದೇ ಗಿರಣಿ. ಆತ ಏನಾದರೂ ಕದ್ದು ಸಿಕ್ಕಿಬಿದ್ದನೇ? ಅಪ್ಪನೇ ಹಿಡಿದುಕೊಟ್ಟರೇ? ಹಾಗಿದ್ದರೆ ಹೇಳಿಬಿಡು. ಅಪ್ಪನ ಕಾಲ ಮುಗಿಯಿತು, ಮುಚ್ಚಿಡುವಂಥದ್ದು ಏನಿದೆ.

ಕಳ್ಳತನ ಮಾಡಿದ್ದರೂ ಅವನ ಅಪ್ಪ ತಾನೇ, ಮಗನದೇನು ತಪ್ಪು? ನಾನು ಲೇಖನದ ಕೊನೆಯನ್ನು ಅವನಿಗೇ ಬರೆದಿದ್ದೇನೆ. 'ಗುಬ್ಬೀ, ಎಲ್ಲಿದ್ದೀಯೋ? ಹೇಳದೆ ಹೋದವನೇ, ಇದನ್ನು ಓದಿದರೆ ಒಂದು ಸಾಲು ಬರೆ.' ಸಂಪಾದಕರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು "ಕೊನೆ ತುಂಬಾ ಚೆನ್ನಾಗಿದೆ ಸಾರ್, ಕಣ್ಣು ಒದ್ದೆ ಆಯ್ತು" ಎಂದರು.

ಗುಂಡ

೧೨ ಮೇ ೨೦೧೭

ಗುಂಡ,

ಈ ಕಾರ್ಡು ಸಿಕ್ಕ ಕೂಡಲೇ ಲೇಖನ ತಡೆ. ಯಾರೂ ಏನೂ ಕದ್ದಿಲ್ಲ. ಆ ಮನುಷ್ಯನ ಬಗ್ಗೆ ಅಂಥ ಮಾತು ಮತ್ತೊಮ್ಮೆ ಬರೆಯಬೇಡ. ಎರಡು ದಿನ ಕೊಡು, ವಿವರವಾಗಿ ಬರೆಯುತ್ತೇನೆ.

ಅಕ್ಕ

೫ ಜೂನ್ ೨೦೧೭

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ದಿನ ಮೂರು ವಾರ ಆದರೂ ಮುಗಿಯಲಿಲ್ಲ. ದಿನಾ ಅಂಚೆಯವನ ಮುಖ ನೋಡಿದ್ದೇ ಬಂತು. ಆ ಕಡೆ ಸಂಪಾದಕರು ದಿನ ಬಿಟ್ಟು ದಿನ ಫೋನು. ಯಾರೂ ಏನೂ ಕದ್ದಿಲ್ಲ ಎಂದಮೇಲೆ ತಡೆಯಲು ಕಾರಣವೂ ಕಾಣಲಿಲ್ಲ. ಕಳಿಸಿಬಿಟ್ಟೆ. ನಿನ್ನೆ ಅಚ್ಚಾಗಿದೆ. ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ.

ಬೆಳಿಗ್ಗೆಯಿಂದ ಎಷ್ಟು ಜನ ಫೋನ್ ಮಾಡಿದರು ಗೊತ್ತೇ! ಹಳೆಯ ಹೆಡ್ ಮಾಸ್ಟರು, "ನಮ್ಮ ಕಾಲದ ಮಕ್ಕಳೇ ಮಕ್ಕಳು ಕಣ್ರೀ" ಎಂದರು. ಪಕ್ಕದ ಮನೆಯವರು ಅದನ್ನು ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದಾರೆ. ಗುಬ್ಬಿ ಎಲ್ಲಿದ್ದರೂ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ಮೊಮ್ಮಗಳು ಹೇಳುತ್ತಾಳೆ.

ಈಗ ಕೋಪ ಬಿಟ್ಟು ಬರೆ. ಹೇಗಿದೆ ಹೇಳು.

ಗುಂಡ

೨೦ ಜೂನ್ ೨೦೧೭

ಗುಂಡನಿಗೆ,

ಓದಿದೆ. ಚೆನ್ನಾಗಿ ಬರೆದಿದ್ದೀಯ. ಚಡ್ಡಿಗೆ ದಾರ ಕಟ್ಟಿಕೊಂಡದ್ದನ್ನು ಓದುವಾಗ ಮುಂದೆ ಹೋಗಲಾಗಲಿಲ್ಲ.

ತಪ್ಪು ನನ್ನದು. ಮೇ ತಿಂಗಳಿಡೀ ದಿನಾ ಬೆಳಿಗ್ಗೆ ಕಾಗದ ಹರಡಿಕೊಂಡು ಕೂರುತ್ತಿದ್ದೆ. 'ಪ್ರೀತಿಯ ಗುಂಡನಿಗೆ' ಎಂದು ಬರೆದು ಎದ್ದುಬಿಡುತ್ತಿದ್ದೆ.

ಗುಬ್ಬಿ ಎಲ್ಲಿಗೂ ಹೋಗಲಿಲ್ಲ. ಅವನು ಸತ್ತುಹೋದ. ಆ ಬೇಸಿಗೆಯಲ್ಲೇ, ಗೋದಾಮಿನಲ್ಲಿ.

ಅವತ್ತು ಮೂವರೂ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಎಣಿಸುತ್ತಿದ್ದವಳು ನಾನು. ಗೋದಾಮಿನ ಹೊರಗೋಡೆಗೆ ಮುಖ ಇಟ್ಟು ನೂರರವರೆಗೆ ಎಣಿಸಬೇಕಿತ್ತು. ನೀವಿಬ್ಬರೂ ಅವಿತುಕೊಳ್ಳಲು ಹೋದಿರಿ. ಅಷ್ಟರಲ್ಲಿ ಜೀಪು ಬಂತು. ನೀನು ಅದರ ಹಿಂದೆ ಓಡಿಹೋದೆ. ಗುಬ್ಬಿಯೂ ಹೋಗಿರಬೇಕು ಎಂದುಕೊಂಡೆ. ಕಿಟಕಿಯ ಹತ್ತಿರ ನಿಂತು "ಗುಬ್ಬೀ, ಆಟ ಮುಗೀತು, ಬಾರೋ" ಎಂದು ಎರಡು ಸಲ ಕೂಗಿದೆ. ಉತ್ತರ ಬರಲಿಲ್ಲ. ಮನೆಗೆ ಹೋದೆ. ಅವನು ಒಳಗೆ ಬೇಲುಗಳ ನಡುವೆ ಇಳಿದಿದ್ದ. ಮೇಲಿನ ಸಾಲು ಜಾರಿ ಬಿದ್ದಿತ್ತು.

ಇಷ್ಟೇ ಆಗಿದ್ದರೆ ದುರ್ದೈವ ಎನ್ನಬಹುದಿತ್ತು. ಸಂಜೆ ಅವನ ಅಮ್ಮ ಬಂದು ಬಾಗಿಲಲ್ಲಿ ನಿಂತರು. "ನಮ್ಮ ಹುಡುಗ ಇಲ್ಲಿಗೇನಾದ್ರೂ ಬಂದಿದ್ನಾ? ನಿಮ್ಮ ಜೊತೆ ಇದ್ನಾ?" ಅಪ್ಪ ಊಟಕ್ಕೆ ಕೂತಿದ್ದರು. ಗೋದಾಮಿಗೆ ಕಾಲಿಟ್ಟರೆ ಕಾಲು ಮುರೀತೀನಿ ಎಂದು ಅದೇ ವಾರ ಹೇಳಿದ್ದರು. ನಾನು, "ಇಲ್ಲ, ಇವತ್ತು ನಾವು ಆಟಕ್ಕೇ ಹೋಗಿಲ್ಲ. ಅವನನ್ನ ನೋಡ್ಲಿಲ್ಲ" ಎಂದೆ. ನೀನು ಮೂಲೆಯಲ್ಲಿ ಚೀಟಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ. ಏನೋ ಹೇಳಲು ಬಾಯಿ ತೆರೆದೆ. ನಾನು ಗುರಾಯಿಸಿದೆ. ನೀನು ಮತ್ತೆ ಚೀಟಿಗಳ ಕಡೆ ತಿರುಗಿದೆ.

ಎಲ್ಲರೂ ಕೆರೆಯ ಕಡೆಗೆ ಹೋಗಿ ಹುಡುಕಿದರು. ಗೋದಾಮಿಗೆ ಬೀಗ ಹಾಕಿತ್ತು, ಆ ಕಡೆ ಯಾರೂ ತಿರುಗಿ ನೋಡಲಿಲ್ಲ. ಮಾರನೆಯ ದಿನ ಬೆಳಗಿನ ಪಾಳಿಯವರು ಬೇಲು ತೆಗೆಯಲು ಹೋದಾಗ ಸಿಕ್ಕಿದ. ಬಹಳ ಹೊತ್ತು ಜೀವ ಇತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಪ್ಪನಿಗೆ ನಿಜ ಹೇಳಿದೆ. ಅವರು, "ಬಾಯಿ ಮುಚ್ಕೊಂಡಿರು. ಕೆಲಸನೂ ಹೋಗುತ್ತೆ, ಮನೆನೂ ಹೋಗುತ್ತೆ" ಎಂದರು. ಅಷ್ಟರಲ್ಲಿ, ಸುದ್ದಿ ಕಿವಿಗೆ ಬೀಳದಿರಲಿ ಎಂದು, ನಿನ್ನನ್ನು ಮೊದಲ ಬಸ್ಸಿಗೇ ಚಿಕ್ಕಮ್ಮನ ಮನೆಗೆ ಕಳಿಸಿಯಾಗಿತ್ತು. ನೀನು ಬಂದಮೇಲೂ ನಿನ್ನ ಮುಂದೆ ಆ ಮಾತೆತ್ತಬೇಡಿ ಎಂದು ಅಪ್ಪ ಸಾಲಿನವರಿಗೆಲ್ಲ ಹೇಳಿಟ್ಟಿದ್ದರು. ಕಾವಲು ಸರಿ ಇರಲಿಲ್ಲ ಎಂದು ಗಿರಣಿಯವರು ಗುಬ್ಬಿಯ ಅಪ್ಪನನ್ನೇ ಕೆಲಸದಿಂದ ತೆಗೆದರು. ಮಗನನ್ನು ಕಳೆದುಕೊಂಡ ತಿಂಗಳೊಳಗೆ.

ನಿನಗೆ ಒಂದು ಒಳ್ಳೆಯ ಬಾಲ್ಯವಾದರೂ ಉಳಿದಿರಲಿ ಎಂದು ಸುಮ್ಮನಿದ್ದೆ.

ಅಕ್ಕ

೧ ಜುಲೈ ೨೦೧೭

ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು.

ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಹುಡುಕಬೇಕಾದವರು ನೀವು. ಅದು ಆಟದ ನಿಯಮ, ಮೂರು ವರ್ಷದ ಮಗುವಿಗೂ ಗೊತ್ತು. ನಾನು ಜೀಪಿನ ಹಿಂದೆ ಹೋದೆ, ನನಗೆ ಎಂಟು ವರ್ಷ. ನೀವು ಕಿಟಕಿಯ ಹೊರಗೆ ನಿಂತು ಎರಡು ಸಲ ಕೂಗಿ ಮನೆಗೆ ಹೋದಿರಿ. ಒಳಗೆ ಒಂದು ಹೆಜ್ಜೆ ಇಟ್ಟು ನೋಡಿದ್ದರೆ? ಸಂಜೆ ಬಾಯಿ ಬಿಟ್ಟಿದ್ದರೆ? ಅಪ್ಪನ ಎರಡು ಏಟಿಗೆ ಹೆದರಿ ಒಂದು ಜೀವ!

ಆಮೇಲೆ ಅದೇ ಗಿರಣಿಗೆ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಅದೇ ಗೋದಾಮಿನ ಮುಂದೆ ಓಡಾಡಿದಿರಿ. ಹೇಗೆ ಸಾಧ್ಯವಾಯಿತೋ ನನಗೆ ತಿಳಿಯದು. ಸತ್ತವನಿಗೆ ನಾನು ಊರೆಲ್ಲ ಓದುವ ಹಾಗೆ 'ಹೇಳದೆ ಹೋದವನೇ' ಎಂದು ಬರೆದೆ. ನೀವು ಮೇ ತಿಂಗಳಿಡೀ ಕಾಗದ ಹರಡಿಕೊಂಡು ಕೂತಿದ್ದಿರಿ.

ಸದ್ಯಕ್ಕೆ ಬರೆಯಬೇಡಿ.

ನಿಮ್ಮ ತಮ್ಮ

೨೭ ಆಗಸ್ಟ್ ೨೦೧೭

ಗುಂಡ,

ಬರೆಯಬೇಡ ಎಂದಿದ್ದೀಯ, ಆದರೂ ಇಷ್ಟು ಹೇಳಬೇಕು. ನೀನು ಬರೆದದ್ದರಲ್ಲಿ ತಪ್ಪಿಲ್ಲ.

ಗುಬ್ಬಿಯ ಅಮ್ಮ ಇದ್ದಾರೆ. ಗುಬ್ಬಿಯ ನಂತರ ಹುಟ್ಟಿದ ಮಗಳ ಮನೆಯಲ್ಲಿ. ನಿನ್ನ ಲೇಖನ ಅವರ ತನಕ ಹೋಗಿದೆಯಂತೆ. ಮಗಳು ನನಗೆ ಕಾಗದ ಹಾಕಿ ನಿನ್ನ ವಿಳಾಸ ಕೇಳಿದ್ದಾಳೆ. ಇಲ್ಲ ಎನ್ನುವ ಹಕ್ಕು ನನಗಿಲ್ಲ, ಕೊಟ್ಟಿದ್ದೇನೆ. ಕರೆದರೆ ಹೋಗಲೇಬೇಕು ಎಂದೇನಿಲ್ಲ. ಹೋದರೆ ಹೆಚ್ಚು ಹೊತ್ತು ಕೂರಬೇಡ. ಅವರಿಗೆ ಎಂಬತ್ತನಾಲ್ಕು, ಒಂದಕ್ಕೊಂದು ಸೇರಿಸಿ ಮಾತಾಡುತ್ತಾರೆ.

ಅಕ್ಕ

೧೫ ಅಕ್ಟೋಬರ್ ೨೦೧೭

ಅಕ್ಕಾ,

ಮೊನ್ನೆ ಶುಕ್ರವಾರ ಹೋಗಿದ್ದೆ. ಬಸ್ಸಿಳಿದು ವಿಳಾಸ ಹಿಡಿದು ಹೋಗುವಾಗ ಎರಡು ಸಲ ಹಿಂದಕ್ಕೆ ತಿರುಗಿದೆ. ಟೈಲರ್ ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಮಗಳು ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಮುಖ ನೋಡಿದರೆ ಗುಬ್ಬಿಯ ಹಾಗಿದ್ದಾಳೋ ಇಲ್ಲವೋ ನನಗೆ ಹೇಳಲಾಗಲಿಲ್ಲ.

ಅವರು ಮಂಚದ ಮೇಲೆ ಕೂತಿದ್ದರು. ನಾನು ಕಾಲಿಗೆ ಬಗ್ಗಿದೆ. "ಆ ಲೇಖನ... ನನಗೆ ಗೊತ್ತಿರಲಿಲ್ಲ ಅಮ್ಮಾ, ತಪ್ಪಾಯ್ತು" ಎಂದೆ.

"ತಪ್ಪು ಯಾಕಪ್ಪಾ? ದಿನಾ ಓದಿಸ್ಕೊಂಡು ಕೇಳ್ತೀನಿ. ಅದರಲ್ಲಿ ಅವನು ಓಡ್ತಾನೆ, ಶಿಳ್ಳೆ ಹಾಕ್ತಾನೆ. ನಮ್ಮನೇಲಿ ಅವನ ಮಾತು ಎತ್ತಿದ್ರೆ ಬರೀ ಆ ಬೆಳಿಗ್ಗೆನೇ ಬರ್ತಿತ್ತು. ಅವನು ಆಡಿದ್ದು ಯಾರಿಗೂ ನೆನಪಿಲ್ಲ" ಎಂದರು.

ಅವನದೊಂದು ಫೋಟೋ ಇಲ್ಲ, ಅಕ್ಕಾ. ಒಂದೂ. ತೆಗೆಸುವ ಮೊದಲೇ ಹೋದ. ಹತ್ತು ವರ್ಷದಿಂದ ಮುಖವೂ ಸರಿಯಾಗಿ ನೆನಪಾಗುತ್ತಿಲ್ಲವಂತೆ. ನಾನು ಡ್ರಾಯಿಂಗ್ ಮೇಷ್ಟ್ರು ಎಂದು ಮಗಳು ಹೇಳಿದ್ದೇ ತಡ, ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ತರಿಸಿದರು. "ಬರಿ, ಅವನ ಮುಖ ಬರಿ." ಮೂವತ್ತೈದು ವರ್ಷ ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸಿದ ಕೈ. ಹಲ್ಲಿನ ಸಂದಿ ಬರೆದೆ, ಚಡ್ಡಿಯ ದಾರ ಬರೆದೆ. ಕಣ್ಣು ಬರಲಿಲ್ಲ. "ಮೂಗು ಹಿಂಗಿರ್ಲಿಲ್ಲ" ಎಂದರು. ಅಳಿಸಿದೆ. "ಹೆಂಗಿತ್ತು?" ಎಂದರೆ ಅವರಿಗೂ ಗೊತ್ತಿಲ್ಲ. ನಾಲ್ಕು ಹಾಳೆ ಹರಿದೆವು. ಯಾರೋ ಒಬ್ಬ ಹುಡುಗ ಬಂದ, ಗುಬ್ಬಿ ಬರಲಿಲ್ಲ.

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು. "ಅವತ್ತು ನೀನು ಎಲ್ಲಿವರೆಗೂ ಎಣಿಸಿದ್ದೆ, ಮಗಾ?"

ನನಗೆ ಅರ್ಥವಾಗಲಿಲ್ಲ. "ಎಣಿಸ್ತಿದ್ದದ್ದು ಅಕ್ಕ" ಎಂದೆ. ಅವರು ನನ್ನ ಮುಖ ನೋಡಿದರು, ನಾಲಿಗೆ ಕಚ್ಚಿಕೊಂಡರು. ಬಿಡದೆ ಕೇಳಿದೆ. ಹೇಳಿದರು.

ನೀನು ಇಪ್ಪತ್ತೆರಡನೇ ವರ್ಷದಲ್ಲಿ ಅವರನ್ನು ಹುಡುಕಿಕೊಂಡು ಹೋಗಿದ್ದೆಯಂತೆ. ಬಾಗಿಲಲ್ಲಿ ನಿಂತೇ ಎಲ್ಲ ಒಪ್ಪಿಸಿದೆಯಂತೆ. "ಕಪಾಳಕ್ಕೆ ಹೊಡೆದೆ. ಆಮೇಲೆ ತಟ್ಟೆ ಇಟ್ಟು ಊಟಕ್ಕೆ ಹಾಕಿದೆ. ಇಬ್ಬರೂ ಉಣ್ಣಲಿಲ್ಲ" ಎಂದರು. ಅಲ್ಲಿಂದ ಈಚೆ ಪ್ರತಿ ವರ್ಷ ಹೋಗುತ್ತಿದ್ದೀಯ. ಅವರ ಹತ್ತಿರ ನೀನು ಕೇಳಿಕೊಂಡದ್ದು ಒಂದೇ. ಎಣಿಸುತ್ತಿದ್ದವನು ತಮ್ಮ, ಅದು ಅವನಿಗೆ ಯಾವತ್ತೂ ಗೊತ್ತಾಗಬಾರದು ಎಂದು.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಗೋಡೆಯ ಸುಣ್ಣದ ವಾಸನೆ. ಅರವತ್ತರ ಆಸುಪಾಸಿನಲ್ಲಿದ್ದೆ. ಜೀಪಿನ ಮೈಕು ಕೇಳಿಸಿತು. ಕಣ್ಣು ಬಿಟ್ಟೆ, ಓಡಿದೆ. ನಾನು ಬಂದು ಹುಡುಕುತ್ತೇನೆ ಎಂದು ಅವನು ಒಳಗೆ ಉಸಿರು ಬಿಗಿಹಿಡಿದು ಕೂತಿದ್ದ. ನಾನು ರೈಲ್ವೆ ಗೇಟಿನ ಹತ್ತಿರ ಚೀಟಿ ಎಣಿಸುತ್ತಿದ್ದೆ. ಅದೇ ಚೀಟಿ, ಅದೇ ದಿನ. ನನ್ನ ಜೀವನದ ಅತ್ಯಂತ ಸುಖದ ದಿನ ಎಂದು ಅಚ್ಚು ಹಾಕಿಸಿದ್ದೇನೆ.

ಜುಲೈಯಲ್ಲಿ ನಿನಗೆ ಬರೆದ ಕಾಗದವನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ಹುಡುಕಬೇಕಾದವರು ನೀವು ಎಂದು ಬರೆದೆ. ಅದನ್ನು ಓದಿಯೂ 'ತಪ್ಪಿಲ್ಲ' ಎಂದೆಯಲ್ಲ. ನಿಜ ಹೇಳು ಅಕ್ಕಾ. ನಿನ್ನ ಬಾಯಿಂದ ಒಂದು ಸಲ ಕೇಳಬೇಕು.

ಗುಂಡ

೨೪ ಅಕ್ಟೋಬರ್ ೨೦೧೭

ಪ್ರೀತಿಯ ಗುಂಡನಿಗೆ,

ಹೆಚ್ಚು ಹೊತ್ತು ಕೂರಬೇಡ ಎಂದಿದ್ದೆ. ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ.

ಅವರಿಗೆ ವಯಸ್ಸಾಗಿದೆ. ಹೋದ ವರ್ಷ ನನ್ನನ್ನೇ ಅವರ ತಂಗಿ ಎಂದುಕೊಂಡು ಅರ್ಧ ದಿನ ಮಾತಾಡಿಸಿದರು. ಯಾರ ಮಾತನ್ನು ಯಾರಿಗೋ ಸೇರಿಸಿದ್ದಾರೆ. ಸುಣ್ಣದ ವಾಸನೆ ಎಂದೆಯಲ್ಲ, ಅದು ಬೇರೆ ಯಾವುದೋ ದಿನದ್ದು. ದಿನಾ ಆಡುತ್ತಿದ್ದ ಆಟ, ಸರದಿ ಪ್ರಕಾರ ಎಲ್ಲರೂ ಎಣಿಸುತ್ತಿದ್ದೆವು. ಅವತ್ತು ಎಣಿಸುತ್ತಿದ್ದವಳು ನಾನು. ಇನ್ನೊಮ್ಮೆ ಕೇಳಬೇಡ.

ಎದೆ ನೋವು ಎಂದು ನಿನ್ನ ಹೆಂಡತಿ ಬರೆದಿದ್ದಾಳೆ. ಡಾಕ್ಟರಿಗೆ ತೋರಿಸು. ಅವರಿಗೆ ಚಿತ್ರ ಬರೆದು ಕಳಿಸುತ್ತೇನೆ ಎಂದು ಆಸೆ ಹುಟ್ಟಿಸಬೇಡ. ಆಗದಿದ್ದರೆ ಆಗದು ಎನ್ನು, ಅವರು ಅದಕ್ಕಿಂತ ದೊಡ್ಡದನ್ನು ತಡೆದುಕೊಂಡವರು. ಬೇಕಾದರೆ ಅವನು ಆಡಿದ್ದು ನೆನಪಾದಾಗಲೆಲ್ಲ ಒಂದೊಂದು ಸಾಲು ಬರೆದು ಹಾಕು. ಮಗಳು ಓದಿ ಹೇಳುತ್ತಾಳೆ.

ಜೀಪು ಬಂದರೆ ಎಂಟು ವರ್ಷದ ಹುಡುಗ ಗೋಡೆ ಹಿಡಿದುಕೊಂಡು ನಿಂತಿರುತ್ತಾನೆಯೇ, ಗುಂಡ? ಓಡುತ್ತಾನೆ. ಅವನನ್ನು ಯಾರು ತಾನೇ ಏನನ್ನಬಹುದು. ಸಂಜೆ ಬಾಗಿಲಲ್ಲಿ ನಿಂತು ಕೇಳಿದಾಗ ಗೊತ್ತಿದ್ದವಳು ಹನ್ನೊಂದು ವರ್ಷದವಳು. ಅವಳು ನೋಡಲಿಲ್ಲ ಎಂದಳು.

ಅಕ್ಕ